ಪೇಸ್‌ಮೇಕರ್ ಮತ್ತು ನಾನು

ಆರು ತಿಂಗಳಿಗೊಮ್ಮೆ ನಾನು ಹೃದ್ರೋಗದ ಆಸ್ಪತ್ರೆಯೊಂದರಲ್ಲಿ, ಒಂದು ಕೊಠಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಸರದಿ ಕಾಯುತ್ತೇನೆ. ಪೇಸ್‌ಮೇಕರ್ ಇರಿಸಿಕೊಂಡವರ ತಪಾಸಣೆ ನಡೆಯುವ ಕೊಠಡಿ ಅದು. ಅಲ್ಲಿ ಕಾಯುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಪಂಚೆಯುಟ್ಟ ಹಿರಿಯರು, ಮಗಳ ತೋಳು ಹಿಡಿದು ಬಂದ ಅಜ್ಜಿಯರು. ಅವರ ನಡುವೆ ನನ್ನನ್ನು ಕಂಡವರು ತಪ್ಪದೆ ಕೇಳುವ ಪ್ರಶ್ನೆ ಒಂದೇ: “ಯಾರನ್ನು ಕರೆದುಕೊಂಡು ಬಂದಿದ್ದೀಯಮ್ಮಾ?” ಮೊದಮೊದಲು ಈ ಪ್ರಶ್ನೆಗೆ ತಲೆ ತಗ್ಗಿಸುತ್ತಿದ್ದೆ. ಈಗ, “ನನ್ನನ್ನೇ ಕರೆದುಕೊಂಡು ಬಂದಿದ್ದೇನೆ ತಾತ” ಎನ್ನುತ್ತೇನೆ. ಕೇಳಿದವರು ಒಂದು ಕ್ಷಣ ನನ್ನ ಮುಖವನ್ನು ನೋಡಿ, ತಮಗೆ ಅರಿವಿಲ್ಲದೆಯೇ ಬಲಗೈಯನ್ನು ತಮ್ಮ ಎಡ ಎದೆಯ ಮೇಲ್ಭಾಗಕ್ಕೆ ಒಯ್ಯುತ್ತಾರೆ. ನಮ್ಮ ಪಂಗಡದವರು ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುವ ಬಗೆ ಅದು.

ಈ ಯಂತ್ರ ಹೃದಯಕ್ಕೆ ಮಾಡುವ ಉಪಕಾರವನ್ನು ವೈದ್ಯರು ಹೇಳುತ್ತಲೇ ಇರುತ್ತಾರೆ. ಅದನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ನಾನು ವೈದ್ಯೆಯಲ್ಲ, ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಆದುದರಿಂದ ನಾನು ಮಾತನಾಡಬಹುದಾದದ್ದು ಆ ಯಂತ್ರವನ್ನು ಹೊತ್ತಿರುವ ಮೈಯ ವಿಷಯವಾಗಿ, ಆ ಮೈಗೆ ಅದು ಕೊಡುವ ಕಿರುಕುಳದ ವಿಷಯವಾಗಿ ಮಾತ್ರ. ಪ್ರಾಣ ಉಳಿಸಿದ ಯಂತ್ರದ ಮೇಲೆ ದೂರು ಹೇಳುವುದು ಕೃತಘ್ನತೆಯಲ್ಲವೆ ಎಂದು ನಿಮಗೆ ಅನ್ನಿಸೀತು. ನನಗೂ ಹಾಗೆಯೇ ಅನ್ನಿಸಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದರಿಂದ ಆದ ನಷ್ಟ ಸಣ್ಣದಲ್ಲ.

ನನ್ನ ಹುಟ್ಟೂರು ಅರಕಲಗೂಡಿನ ಕಡೆಯ ಒಂದು ಹಳ್ಳಿ. ನಾನು ಹತ್ತು ವರ್ಷದವಳಿದ್ದಾಗ ಜ್ವರ ಬಂತೆಂದು ಅಜ್ಜಿ ನನ್ನನ್ನು ಊರಿನ ಪಂಡಿತರ ಬಳಿಗೆ ಕರೆದೊಯ್ದಿದ್ದಳು. ಅವರು ಬಹಳ ಹೊತ್ತು ನಾಡಿ ಹಿಡಿದು ಕುಳಿತು, “ಹಂಸಗತಿ” ಎಂದರು. ವಾತದ ನಾಡಿ ಹಾವಿನಂತೆ, ಪಿತ್ತದ್ದು ಕಪ್ಪೆಯಂತೆ, ಕಫದ್ದು ಹಂಸದಂತೆ ನಡೆಯುತ್ತದೆಂದು ಆಯುರ್ವೇದದಲ್ಲಿ ಹೇಳುತ್ತಾರಷ್ಟೆ. ಅಜ್ಜಿಗೆ ಕಫದ ವಿಷಯ ಮನಸ್ಸಿಗೆ ಹೋಗಲಿಲ್ಲ, ಹಂಸದ ವಿಷಯ ಹೋಯಿತು. ಮೊಮ್ಮಗಳ ನಾಡಿಯಲ್ಲಿ ಹಂಸ ನಡೆಯುತ್ತಿದೆಯೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಪಂಡಿತರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾಡಿ ನಿಧಾನವಾಗಿಯೇ ಇತ್ತು. ಆದರೆ ಆ ಹಂಸ ಕುಂಟುತ್ತಿತ್ತೆಂಬುದು ತಿಳಿಯಲು ಮತ್ತೆ ಹದಿಮೂರು ವರ್ಷ ಬೇಕಾಯಿತು. ೨೦೧೬ರಲ್ಲಿ, ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಾಠ ಹೇಳುತ್ತಿದ್ದವಳು ಕಪ್ಪುಹಲಗೆಯ ಬಳಿಯೇ ಕುಸಿದುಬಿದ್ದೆ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದಾಗ ನಾಡಿ ನಿಮಿಷಕ್ಕೆ ೩೬ ಇತ್ತು.

ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳು. ಬಲಬದಿಯ ಮೇಲಣ ಕೋಣೆಯ ಒಂದು ಮೂಲೆಯಲ್ಲಿ ಸಣ್ಣದೊಂದು ಜೀವಕೋಶಗಳ ಗುಂಪಿದೆ. ಮಿಡಿತದ ಆಜ್ಞೆ ಹುಟ್ಟುವುದು ಅಲ್ಲಿ. ಅದು ಕ್ಷೀಣವಾದ ವಿದ್ಯುತ್ತಿನ ಅಲೆಯಾಗಿ ಹರಿದು, ನಡುವಿನ ಒಂದು ಕಿರಿದಾದ ದಾರಿಯ ಮೂಲಕ ಕೆಳಗಣ ಕೋಣೆಗಳನ್ನು ಮುಟ್ಟಬೇಕು. ನನ್ನಲ್ಲಿ ಆ ನಡುವಿನ ದಾರಿ ಹುಟ್ಟಿನಿಂದಲೇ ಮುಚ್ಚಿಹೋಗಿತ್ತು. ಮೇಲಿನವರು ಹೇಳಿದ್ದು ಕೆಳಗಿನವರಿಗೆ ಕೇಳಿಸದು. ಕೆಳಗಿನವರು ತಮಗೆ ತೋಚಿದಷ್ಟು, ನಿಮಿಷಕ್ಕೆ ಮೂವತ್ತಾರೋ ನಲವತ್ತೋ ಸಲ, ತಮ್ಮಷ್ಟಕ್ಕೆ ತಾವು ಮಿಡಿಯುತ್ತಿದ್ದರು. ಸರ್ಕಾರಿ ಕಚೇರಿಗಳ ಪರಿಚಯವಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆರೋಗ್ಯವಂತರ ಹೃದಯ ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ; ನನ್ನದು ಅದರ ಅರ್ಧದಷ್ಟರಲ್ಲೇ ಬಾಲ್ಯವನ್ನೂ ಪರೀಕ್ಷೆಗಳನ್ನೂ ದಾಟಿಸಿತ್ತು.

ಮುಚ್ಚಿದ ದಾರಿಯ ಬದಲಿಗೆ ತಂತಿ ಎಳೆಯುವ ಉಪಾಯ ಹಳೆಯದೇನಲ್ಲ. ೧೯೫೮ನೆಯ ಇಸವಿ ಅಕ್ಟೋಬರ್ ೮ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬ ನಲವತ್ತಮೂರು ವರ್ಷದವನ ಮೈಯೊಳಗೆ ಮೊಟ್ಟಮೊದಲ ಪೇಸ್‌ಮೇಕರನ್ನು ಇರಿಸಿದರು. ದಿನಕ್ಕೆ ಹಲವಾರು ಸಲ ಪ್ರಜ್ಞೆ ತಪ್ಪುತ್ತಿದ್ದ ಮನುಷ್ಯ ಆತ. ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಯಂತ್ರವನ್ನು ಮಾಡಿಕೊಟ್ಟವನು ರೂನೆ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರ್. ಆದರೆ ಆ ಇಬ್ಬರ ಬೆನ್ನು ಹತ್ತಿ, ಯಂತ್ರ ಇನ್ನೂ ಸಿದ್ಧವಿಲ್ಲವೆಂದರೂ ಬಿಡದೆ, ಮಾಡಿಸಿಯೇ ತೀರಿದವಳು ಲಾರ್ಸನ್ನನ ಹೆಂಡತಿ ಎಲ್ಸೆ-ಮಾರಿಯೆ. ಯಂತ್ರದ ಭಾಗಗಳನ್ನು ಬೂಟ್ ಪಾಲಿಷಿನ ಡಬ್ಬಿಯಲ್ಲಿಟ್ಟು ರಾಳ ಹೊಯ್ದು ಎರಕ ತೆಗೆದಿದ್ದರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಇನ್ನೊಂದನ್ನು ಇರಿಸಬೇಕಾಯಿತು. ಹೀಗೆ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಸವೆಸಿ ಲಾರ್ಸನ್ ತನ್ನ ಎಂಜಿನಿಯರನಿಗಿಂತಲೂ ತನ್ನ ಶಸ್ತ್ರವೈದ್ಯನಿಗಿಂತಲೂ ಹೆಚ್ಚು ಕಾಲ ಬದುಕಿ ೨೦೦೧ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡ. ಸಾವಿಗೆ ಕಾರಣ ಹೃದಯವಲ್ಲ, ಕ್ಯಾನ್ಸರ್. ಈ ಕಥೆಯನ್ನು ಓದಿದಾಗಲೆಲ್ಲ ಆ ಇಪ್ಪತ್ತು ಚಿಲ್ಲರೆ ಡಬ್ಬಿಗಳು ಆತನಿಗೆ ಎಲ್ಲೆಲ್ಲಿ ಒತ್ತಿದುವು, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಿದ್ದ ಎಂದು ತಿಳಿಯುವ ಕುತೂಹಲ ನನಗೆ. ಇತಿಹಾಸದ ಪುಸ್ತಕಗಳು ಅದನ್ನು ಹೇಳುವುದಿಲ್ಲ.

ನನ್ನ ಮೈಯಲ್ಲಿರುವುದು ಟೈಟೇನಿಯಂ ಲೋಹದ ಕವಚದ ಒಂದು ಚಪ್ಪಟೆ ಡಬ್ಬಿ. ಗಂಡಸರ ಕೈಗಡಿಯಾರದಿಂದ ಪಟ್ಟಿಯನ್ನು ಬಿಚ್ಚಿದರೆ ಉಳಿಯುವಷ್ಟು ಗಾತ್ರ. ತೂಕ ಹೆಚ್ಚೆಂದರೆ ಇಪ್ಪತ್ತೈದು ಮೂವತ್ತು ಗ್ರಾಂ. ಕೊರಳ ಬುಡದಿಂದ ಹೆಗಲಿಗೆ ಹಾಯುವ ಮೂಳೆಯಿದೆಯಲ್ಲ, ಎಡಗಡೆ ಅದರ ಕೆಳಗೆ ಚರ್ಮವನ್ನು ಸೀಳಿ, ಒಂದು ಸಣ್ಣ ಜೇಬಿನಂತೆ ಮಾಡಿ, ಅದರೊಳಗೆ ಡಬ್ಬಿಯನ್ನಿಡುತ್ತಾರೆ. ಅದರಿಂದ ಹೊರಟ ಎರಡು ತಂತಿಗಳು ರಕ್ತನಾಳದೊಳಗೆ ಇಳಿದು, ಒಂದು ಹೃದಯದ ಮೇಲಣ ಕೋಣೆಯಲ್ಲಿ, ಇನ್ನೊಂದು ಕೆಳಗಣ ಕೋಣೆಯಲ್ಲಿ ನಾಟಿಕೊಂಡಿವೆ. ಜನರು ಪೇಸ್‌ಮೇಕರ್ ಹೃದಯದೊಳಗಿದೆಯೆಂದು ತಿಳಿಯುತ್ತಾರೆ. ಇಲ್ಲ, ಹೃದಯಕ್ಕೆ ಅದರ ಭಾರ ಗೊತ್ತೇ ಇಲ್ಲ. ಭಾರ ಗೊತ್ತಿರುವುದು ಚರ್ಮಕ್ಕೆ, ಮೂಳೆಗೆ, ಹೆಗಲಿಗೆ.

ವಯಸ್ಸಾದವರಿಗೂ ಈ ಡಬ್ಬಿ ಒತ್ತುತ್ತದೆ, ನಿಜ. ಆದರೆ ಇಪ್ಪತ್ತಮೂರು ವರ್ಷದ ಹೆಣ್ಣಿಗೆ ಒತ್ತುವ ರೀತಿಯೇ ಬೇರೆ. ಬಾನುಲಿಯಲ್ಲಿ ಹೇಳಲು ಸಂಕೋಚವಾದರೂ ಹೇಳಬೇಕಾದ ಮಾತು: ಬ್ರಾದ ಪಟ್ಟಿ ಹಾದುಹೋಗುವುದು ಸರಿಯಾಗಿ ಆ ಡಬ್ಬಿಯ ಅಂಚಿನ ಮೇಲೆ. ಅದರ ಮೇಲೆ ರವಿಕೆಯ ಹೊಲಿಗೆ, ಅದರ ಮೇಲೆ ಸೆರಗಿಗೆ ಚುಚ್ಚಿದ ಪಿನ್ನು, ಅದರ ಮೇಲೆ ಪುಸ್ತಕಗಳ ಚೀಲದ ಪಟ್ಟಿ. ಶಸ್ತ್ರಚಿಕಿತ್ಸೆ ಮಾಡಿದವರು ನಿಪುಣರು, ಸಜ್ಜನರು; ಗಾಯ ಕೂದಲೆಳೆಯಷ್ಟು ತೆಳ್ಳಗೆ ಮಾಯಿತು. ಆದರೆ ನಾನು ಮಲಗಿದ್ದಾಗ, ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲಿದ್ದಾಗ, ಜಾಗ ಗೊತ್ತುಮಾಡಿದ್ದರು. ಎದ್ದು ಕುಳಿತು ಸೀರೆಯುಟ್ಟ ಹೆಣ್ಣಿನ ಹೆಗಲ ಮೇಲೆ ಎಷ್ಟು ಪಟ್ಟಿಗಳು ಹಾಯುತ್ತವೆಂಬುದು ಅವರಿಗೆ ಹೊಳೆಯಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯಗಳು ಬಹು ಸಾಮಾನ್ಯವಾದುವು. ಮೆತ್ತನೆಯ ಮಲ್ ಬಟ್ಟೆಯನ್ನು ನಾಲ್ಕು ಪದರ ಮಡಿಸಿ ಹೊಲಿದ ಪುಟ್ಟ ಮೆತ್ತೆಯನ್ನು ಪಟ್ಟಿಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಅಗಲ ಪಟ್ಟಿಯ ಉಡುಪನ್ನೇ ಕೊಳ್ಳುತ್ತೇನೆ. ನಮ್ಮ ದರ್ಜಿ ರವಿಕೆಯ ಎಡಭುಜದ ಹೊಲಿಗೆಯನ್ನು ಒಂದಂಗುಲ ಆಚೆಗೆ ಸರಿಸಿ ಕೊಡುತ್ತಾಳೆ. ಕಾರಣವನ್ನು ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ. ಚೀಲ ಬಲಹೆಗಲಿಗೆ ಹೋಯಿತು. ಕಾರಿನ ಮುಂದಿನ ಸೀಟಿನಲ್ಲಿ, ಚಾಲಕನ ಎಡಕ್ಕೆ ಕುಳಿತರೆ ನಮ್ಮ ದೇಶದಲ್ಲಿ ಬೆಲ್ಟು ಹಾಯುವುದು ಎಡಹೆಗಲ ಮೇಲೆಯೇ. ಹಾಗೆಂದು ಬೆಲ್ಟನ್ನು ಬಿಡುವಂತಿಲ್ಲ. ನಡುವೆ ಮಡಿಸಿದ ಕೈವಸ್ತ್ರವನ್ನಿಡುತ್ತೇನೆ, ಇಲ್ಲವೆ ಹಿಂದಿನ ಸೀಟಿನ ಬಲಗಡೆಗೆ ಹೋಗಿ ಕೂರುತ್ತೇನೆ. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಡಬ್ಬಿ ಮುಂದಕ್ಕೆ ಜಾರಿ ಕಂಕುಳಿನತ್ತ ಎಳೆದಂತಾಗುತ್ತಿತ್ತು. ಬಲಮಗ್ಗುಲಿಗೆ ಮಲಗಿ, ಎಡತೋಳನ್ನು ಒಂದು ಸಣ್ಣ ದಿಂಬಿನ ಮೇಲೆ ಇರಿಸಿದರೆ ಆ ಎಳೆತ ನಿಲ್ಲುತ್ತದೆ. ಇವನ್ನೆಲ್ಲ ಯಾವ ಕರಪತ್ರವೂ ನನಗೆ ಹೇಳಿರಲಿಲ್ಲ.

ಕರಪತ್ರ ಹೇಳಿದ್ದ ಒಂದು ಮಾತನ್ನು ನಾನು ಅತಿಯಾಗಿ ಪಾಲಿಸಿದೆ. ಮೊದಲ ನಾಲ್ಕಾರು ವಾರ ಎಡ ಮೊಣಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು ಎಂದಿತ್ತು. ತಂತಿಯ ತುದಿ ಹೃದಯದ ಗೋಡೆಯಲ್ಲಿ ಬೇರೂರುವವರೆಗೆ ಅದು ಸರಿಯಾದ ಎಚ್ಚರಿಕೆಯೇ. ಆದರೆ ‘ತಂತಿ ಕಿತ್ತುಬಂದರೆ’ ಎಂಬ ಭಯ ಹೊಕ್ಕ ಮೇಲೆ ವಾರಗಳ ಲೆಕ್ಕ ಯಾರಿಗೆ ಬೇಕು? ನಾಲ್ಕು ತಿಂಗಳು ಎಡಗೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದೆ. ಜಡೆಯನ್ನು ಅಮ್ಮ ಹೆಣೆಯುತ್ತಿದ್ದಳು. ಇಪ್ಪತ್ತಮೂರು ವರ್ಷದ ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ತಲೆ ಬಾಚುವಾಗ ಅವಳು ಮಾತನಾಡುತ್ತಿರಲಿಲ್ಲ. ಆಮೇಲೆ ಕೈಯೆತ್ತಲು ಹೊರಟರೆ ಕೈ ಬರಲಿಲ್ಲ. ಹೆಗಲ ಕೀಲು ಬಿಗಿದುಹೋಗಿತ್ತು. ಫ್ರೋಜನ್ ಷೋಲ್ಡರ್ ಎಂದು ಅದರ ಹೆಸರು. ಪೇಸ್‌ಮೇಕರ್ ಕೊಟ್ಟ ನೋವಿಗಿಂತ ಪೇಸ್‌ಮೇಕರಿನ ಭಯ ಕೊಟ್ಟ ನೋವು ಹೆಚ್ಚಾಯಿತು. ಅಂಗಸಾಧನೆ ಕಲಿಸಿದ ಹೆಣ್ಣುಮಗಳು ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಒಂದೊಂದೇ ಅಂಗುಲ ಮೇಲಕ್ಕೆ ಹತ್ತಿಸಲು ಹೇಳಿದಳು. ಪ್ರತಿದಿನ ಬೆಳಿಗ್ಗೆ ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಎಳೆದಿಡುತ್ತಿದ್ದೆ. ಏಳು ತಿಂಗಳಾದ ಮೇಲೆ ನನ್ನ ಜಡೆಯನ್ನು ನಾನೇ ಹೆಣೆದುಕೊಂಡೆ. ಸೊಟ್ಟಗಿತ್ತು.

ಇನ್ನೊಂದು ಬಗೆಯ ಕಿರುಕುಳವಿದೆ. ಅದಕ್ಕೆ ಮೆತ್ತೆಯೂ ಇಲ್ಲ, ದಿಂಬೂ ಇಲ್ಲ. ತೆಳ್ಳನೆಯ ಮೈಯವರಲ್ಲಿ ಈ ಡಬ್ಬಿ ಚರ್ಮದಡಿಯಲ್ಲಿ ಉಬ್ಬಿ ಕಾಣುತ್ತದೆ. ನನ್ನನ್ನು ನೋಡಲು ಒಂದು ಮನೆಯವರು ಬರುವ ದಿನ ಸೋದರತ್ತೆ ಬೆಳಿಗ್ಗೆಯೇ ಬಂದು, ಕೊರಳ ತನಕ ಮುಚ್ಚುವ ರವಿಕೆಯನ್ನು ತೆಗೆದಿಟ್ಟಳು. “ಸುಳ್ಳು ಹೇಳು ಅಂತ ನಾನು ಹೇಳಲ್ಲ ಕಣೇ. ಕೇಳದಿದ್ದರೆ ಹೇಳಬೇಡ ಅಷ್ಟೆ” ಎಂದಳು. ಅವಳ ಅಕ್ಕರೆಯಲ್ಲಿ ನನಗೆ ಸಂದೇಹವಿಲ್ಲ. ಆ ರವಿಕೆಯನ್ನೇ ತೊಟ್ಟೆ. ಆದರೆ ಕಾಫಿಯ ತಟ್ಟೆ ಇಟ್ಟು ಕುಳಿತ ಮೇಲೆ, ಬಂದವರಿಗೆ ನಾನೇ ಹೇಳಿದೆ. ಆ ಸಂಬಂಧ ಮುಂದುವರಿಯಲಿಲ್ಲ. ಕಾರಣ ಪೇಸ್‌ಮೇಕರೋ ಜಾತಕವೋ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಪೇಸ್‌ಮೇಕರ್ ಇದ್ದ ಮಾತ್ರಕ್ಕೆ ಮದುವೆಯೂ ಮಕ್ಕಳೂ ನಿಷಿದ್ಧವಲ್ಲ. ವೈದ್ಯರ ನಿಗಾವಣೆಯಲ್ಲಿ ಎಷ್ಟೋ ಮಂದಿ ತಾಯಂದಿರಾಗಿದ್ದಾರೆ. ಇಷ್ಟನ್ನು ಆ ದಿನ ಧೈರ್ಯವಾಗಿ ಹೇಳಲು ನನಗೆ ಬರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಇಷ್ಟೂ ಡಬ್ಬಿಯ ಹೊರಮೈಯ ಮಾತಾಯಿತು. ಅದರ ನಡವಳಿಕೆಯ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು. ರಜೆಯಲ್ಲಿ ಮೈಸೂರಿನಿಂದ ಊರಿಗೆ ಬಸ್ಸಿನಲ್ಲಿ ಹೋಗುವಾಗ ನನಗೊಂದು ವಿಚಿತ್ರವಾದ ಅನುಭವವಾಗುತ್ತಿತ್ತು. ಸುಮ್ಮನೆ ಕಿಟಕಿಯ ಪಕ್ಕ ಕುಳಿತಿದ್ದರೂ ಎದೆ ಓಡುವವಳ ಎದೆಯಂತೆ ಹೊಡೆದುಕೊಳ್ಳುವುದು. ರಸ್ತೆ ಚೆನ್ನಾಗಿರುವಲ್ಲಿ ಶಾಂತ, ಹಳ್ಳದಿಣ್ಣೆ ಬಂದೊಡನೆ ಮತ್ತೆ ಅದೇ. ಹಿಂದಿನ ಸೀಟಾದರೆ ಇನ್ನೂ ಜೋರು. ಊರು ಹತ್ತಿರವಾಗುವ ಸಂಭ್ರಮವೆಂದು ನಾನೂ ತಿಳಿದಿದ್ದೆ. ಒಂದು ಸಲ ಗಡಿಯಾರ ನೋಡಿ ನಾಡಿ ಎಣಿಸಿದೆ, ೧೧೦. ಸಂಭ್ರಮಕ್ಕೂ ಒಂದು ಮಿತಿಯಿದೆ.

ತಪಾಸಣೆಯಲ್ಲಿ ಇದನ್ನು ಹೇಳಿದಾಗ, ಕಂಪ್ಯೂಟರಿನ ಮುಂದೆ ಕುಳಿತಿದ್ದ ತಂತ್ರಜ್ಞ ನಕ್ಕುಬಿಟ್ಟ. ಪೇಸ್‌ಮೇಕರಿನೊಳಗೆ ಮೈಯ ಅಲುಗಾಟವನ್ನು ಅಳೆಯುವ ಒಂದು ಸೂಕ್ಷ್ಮ ಸಾಧನವಿದೆ. ಮೈ ಅಲುಗಿದರೆ ಮನುಷ್ಯ ನಡೆಯುತ್ತಿದ್ದಾನೆಂದು ತಿಳಿದು ಅದು ಮಿಡಿತವನ್ನು ಏರಿಸುತ್ತದೆ. ಅಲುಗಿಸುತ್ತಿರುವುದು ಕಾಲೋ ಬಸ್ಸೋ ಎಂಬ ವಿವೇಕ ಅದಕ್ಕಿಲ್ಲ. ಮೆಟ್ಟಿಲು ಹತ್ತುವಾಗಿನ ಶ್ರಮಕ್ಕಿಂತ ಧಡಧಡನೆ ಇಳಿಯುವಾಗಿನ ಕುಲುಕಾಟವನ್ನೇ ದೊಡ್ಡ ಶ್ರಮವೆಂದು ಅದು ಎಣಿಸುವುದೂ ಉಂಟು. ಹೃದಯದ ಮೇಲಣ ಕೋಣೆಯೇ ಸೋತವರಿಗೆ ಈ ಸಾಧನ ಬೇಕು. ನನ್ನ ಮೇಲಣ ಕೋಣೆ ಸೊಗಸಾಗಿ ಕೆಲಸ ಮಾಡುತ್ತದೆ. ಕೆಟ್ಟಿದ್ದು ನಡುವಿನ ದಾರಿ ಮಾತ್ರ. ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದು ಅದನ್ನು ಆರಿಸಿಬಿಟ್ಟರು. ಚರ್ಮವನ್ನು ಮುಟ್ಟದೆ, ಡಬ್ಬಿಯ ಮೇಲೆ ಒಂದು ಸಾಧನವನ್ನಿಟ್ಟು, ಎರಡು ನಿಮಿಷದಲ್ಲಿ ಮುಗಿದ ಕೆಲಸ. ಅಷ್ಟಕ್ಕಾಗಿ ಒಂದು ವರ್ಷ ಊರಿಗೆ ಹೋಗುವುದನ್ನೇ ಕಡಮೆ ಮಾಡಿದ್ದೆ.

ಆದರೆ ಒಂದು ತೊಂದರೆ ತೀರಿದ್ದು, ಅದರ ಮರೆಯಲ್ಲಿದ್ದ ಇನ್ನೊಂದನ್ನು ಹೊರಗೆ ತಂದಿತು. ೨೦೧೮ರ ಚಳಿಗಾಲದಲ್ಲಿ ಸಹೋದ್ಯೋಗಿಗಳೊಡನೆ ಚಾಮುಂಡಿಬೆಟ್ಟವನ್ನು ಹತ್ತಲು ಹೋದೆ. ಸಾವಿರ ಮೆಟ್ಟಿಲೆಂದು ಹೆಸರಾದ ಹಾದಿ. ಮೊದಲ ನೂರು ಮೆಟ್ಟಿಲು ಹುರುಪಿನಲ್ಲಿಯೇ ಹತ್ತಿದೆ. ಆಮೇಲೆ, ಯಾರೋ ದೀಪದ ಬತ್ತಿಯನ್ನು ಒಮ್ಮೆಗೇ ತಗ್ಗಿಸಿದಂತೆ, ಮೈಯ ಶಕ್ತಿ ಇಳಿದುಹೋಯಿತು. ಕಣ್ಣು ಮಂಜಾಯಿತು, ಕಾಲು ಮುಂದಿಡಲಾಗಲಿಲ್ಲ. ಕುಳಿತು ನಾಲ್ಕು ನಿಮಿಷ ಕಳೆದರೆ ಏನೂ ಆಗಿಲ್ಲವೆಂಬಂತೆ ಸರಿಹೋಯಿತು. ಮತ್ತೆ ಹತ್ತಿದರೆ ಮತ್ತೆ ಅದೇ. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬರುತ್ತಿದ್ದ ಒಬ್ಬ ಮುದುಕಿ ನನ್ನನ್ನು ದಾಟಿ ಹೋದಳು. ಹೋಗುವಾಗ, “ನಿಧಾನಕ್ಕೆ ಬಾ ಮಗಳೇ, ತಾಯಿ ಎಲ್ಲಿಗೂ ಹೋಗಲ್ಲ” ಎಂದಳು. ನಾನು ನಂದಿಯವರೆಗೂ ಹೋಗಲಿಲ್ಲ. ಹಿಂದಿರುಗಿ ಬಂದು ಕೆಳಗೆ ಕುಳಿತು ಅತ್ತೆ.

ಅಲ್ಲಿಂದ ಮುಂದೆ ಕಾಲೇಜಿನ ಮೂರನೆಯ ಮಹಡಿಯೂ ನನಗೆ ಬೆಟ್ಟವಾಯಿತು. ಒಬ್ಬ ವೈದ್ಯರ ಬಳಿ ಹೋದೆ. ಹೆಸರು ಬೇಡ. ಅವರು ಯಂತ್ರವನ್ನು ಪರೀಕ್ಷಿಸಿ, “ಎಲ್ಲ ಸರಿಯಾಗಿದೆಯಮ್ಮ. ನಿನ್ನದು ಬರೀ ಆತಂಕ. ಮದುವೆಯಾದರೆ ಹೋಗುತ್ತೆ” ಎಂದರು. ಅವರನ್ನು ನಾನು ಪೂರ್ತಿ ದೂರಲಾರೆ. ಮಂಚದ ಮೇಲೆ ಮಲಗಿದ್ದ ನನ್ನಲ್ಲಿ ಯಂತ್ರ ಸರಿಯಾಗಿಯೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರು “ಏನಾಗುತ್ತೆ?” ಎಂದು ಕೇಳಿದಾಗ ನಾನು ಕೊಟ್ಟ ಉತ್ತರ, “ಒಂಥರಾ ಆಗುತ್ತೆ ಡಾಕ್ಟ್ರೇ” ಎಂದು.

ಈ ‘ಒಂಥರಾ’ ಎಂಬ ಮಾತನ್ನು ಕುರಿತು ಕನ್ನಡದ ಅಧ್ಯಾಪಕಿಯಾಗಿ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ನೋವಿಗೆ ಶಬ್ದಗಳ ಬಡತನವಿಲ್ಲ. ಉರಿಯುವುದು ಬೇರೆ, ಚುರುಗುಟ್ಟುವುದು ಬೇರೆ. ಸೆಳೆಯುವುದು, ಹಿಂಡುವುದು, ಚುಚ್ಚುವುದು, ಒತ್ತುವುದು, ಜಗ್ಗುವುದು, ಜುಮ್ಮೆನ್ನುವುದು, ಮರಗಟ್ಟುವುದು, ಪಟಪಟನೆ ಅದುರುವುದು, ಧಸಕ್ಕೆನ್ನುವುದು. ಒಂದೊಂದೂ ಮೈಯ ಒಂದೊಂದು ಸಂಗತಿಯನ್ನು ತೋರಿಸುತ್ತದೆ. ನಮ್ಮ ಅಜ್ಜಿಯರು ಇವನ್ನು ಬೆರೆಸದೆ ಬಳಸುತ್ತಿದ್ದರು. ನಾವು ಓದಿದವರು ಇವೆಲ್ಲವನ್ನೂ ಒಂದು ‘ಒಂಥರಾ’ದಲ್ಲಿ ಮುಳುಗಿಸಿದ್ದೇವೆ, ಹೆಂಗಸರಂತೂ ಇನ್ನೂ ಹೆಚ್ಚು, ಯಾಕೆಂದರೆ ‘ಒಂಥರಾ’ ಎಂದರೆ ಯಾರಿಗೂ ತೊಂದರೆಯಿಲ್ಲ, ಕೇಳಿದವರು ತಲೆಯಾಡಿಸಿ ಸುಮ್ಮನಾಗಬಹುದು.

ಒಂದು ನೋಟುಬುಕ್ಕು ಇಟ್ಟುಕೊಂಡೆ. ಏನಾಯಿತು, ಎಷ್ಟು ಗಂಟೆಗೆ, ಕುಳಿತಿದ್ದೆನೋ ನಿಂತಿದ್ದೆನೋ ಹತ್ತುತ್ತಿದ್ದೆನೋ, ನಾಡಿ ಎಷ್ಟಿತ್ತು, ಎಷ್ಟು ಹೊತ್ತಿಗೆ ಸರಿಹೋಯಿತು, ಇಷ್ಟನ್ನೇ ಬರೆಯುವುದು. ‘ಒಂಥರಾ’ ಎಂಬ ಶಬ್ದವನ್ನು ಬರೆಯಕೂಡದು. ಎರಡು ತಿಂಗಳ ಬರಹವನ್ನು ಓದಿ ನೋಡಿದರೆ ನನಗೇ ಒಂದು ಸಂಗತಿ ಕಂಡಿತು: ಶಕ್ತಿ ಇಳಿದುಹೋದಾಗಲೆಲ್ಲ ನಾಡಿ ಎಪ್ಪತ್ತೈದರ ಆಸುಪಾಸಿನಲ್ಲಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿರುವವಳ ನಾಡಿ ಎಪ್ಪತ್ತೈದು!

ಆ ನೋಟುಬುಕ್ಕನ್ನು ಬೇರೊಬ್ಬ ವೈದ್ಯರು ಕೊನೆಯ ಪುಟದವರೆಗೂ ಓದಿದರು. ನನ್ನನ್ನು ಟ್ರೆಡ್‌ಮಿಲ್ಲಿನ ಮೇಲೆ ನಡೆಸಿದರು. ಐದಾರು ನಿಮಿಷದಲ್ಲಿ ಬೆಟ್ಟದ ಮೇಲೆ ಆದದ್ದೇ ಅಲ್ಲಿಯೂ ಆಯಿತು, ಈ ಸಲ ಕಾಗದದ ಮೇಲೆ ಗೆರೆಗೆರೆಯಾಗಿ. ವಿಷಯ ಹೀಗೆ. ಮೇಲಣ ಕೋಣೆ ಎಷ್ಟೇ ಬೇಗ ಮಿಡಿಯಲಿ, ಅದನ್ನು ಕೆಳಕ್ಕೆ ಮುಟ್ಟಿಸುವ ಕೆಲಸಕ್ಕೆ ಪೇಸ್‌ಮೇಕರಿನಲ್ಲಿ ಒಂದು ಗರಿಷ್ಠ ಮಿತಿಯನ್ನು ಇಟ್ಟಿರುತ್ತಾರೆ. ನನ್ನದರಲ್ಲಿ ಆ ಮಿತಿ ನಿಮಿಷಕ್ಕೆ ೧೨೦. ಎಪ್ಪತ್ತು ವರ್ಷದವರಿಗೆ ಅದು ಬೇಕಾದಷ್ಟಾಯಿತು. ಆದರೆ ಇಪ್ಪತ್ತೈದರ ಹೆಣ್ಣು ಬೆಟ್ಟ ಹತ್ತುವಾಗ ಮೇಲಣ ಕೋಣೆ ನೂರೈವತ್ತನ್ನು ಸುಲಭವಾಗಿ ದಾಟುತ್ತದೆ. ಮಿತಿ ದಾಟಿದ ಮೇಲೆ ಯಂತ್ರ ಆಗೊಂದು ಈಗೊಂದು ಮಿಡಿತವನ್ನು ಕೈಬಿಡುತ್ತದೆ. ಇನ್ನೂ ವೇಗವಾದರೆ ಎರಡಕ್ಕೊಂದನ್ನು ಮಾತ್ರ ಕೆಳಗೆ ಕಳಿಸುತ್ತದೆ. ನೂರೈವತ್ತರ ಅರ್ಧ ಎಪ್ಪತ್ತೈದು. ಮೈ ಹೆಚ್ಚು ರಕ್ತ ಬೇಡುವ ಹೊತ್ತಿನಲ್ಲಿಯೇ ಮಿಡಿತ ಅರ್ಧಕ್ಕೆ ಇಳಿಯುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ತನಗೆ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಹೇಳಿದ್ದು ಮಾತ್ರ ಯಾರೋ ಅಜ್ಜನಿಗೆ ಹೇಳುವಂಥದಾಗಿತ್ತು. ಆ ಮಿತಿಯನ್ನು ಏರಿಸಿ, ಜೊತೆಗೆ ಇನ್ನೊಂದೆರಡು ಕಾಲಮಾನಗಳನ್ನು ಸರಿಪಡಿಸಿ, ಅರ್ಧ ಗಂಟೆಯ ನಂತರ ಮತ್ತೆ ಟ್ರೆಡ್‌ಮಿಲ್ಲಿನ ಮೇಲೆ ನಿಲ್ಲಿಸಿದರು. ನಡೆದೆ, ಬೇಗ ನಡೆದೆ, ಕೊನೆಗೆ ಓಡಿದೆ. ನನ್ನ ಜೀವನದಲ್ಲಿ ಅದಕ್ಕೆ ಮುಂಚೆ ನಾನು ಓಡಿದ್ದು ನೆನಪಿಲ್ಲ. ಶಾಲೆಯಲ್ಲಿ ಹಂಸಗತಿಯವಳೆಂದು ನನ್ನನ್ನು ಆಟದ ಬಯಲಿನ ಅಂಚಿನಲ್ಲಿ ಕೂರಿಸುತ್ತಿದ್ದರು.

ನೋಟುಬುಕ್ಕು ಈಗಲೂ ಇದೆ. ಅದರಿಂದ ಬೇರೆ ಕೆಲವು ಸಂಗತಿಗಳೂ ತಿಳಿದುವು. ನಮ್ಮ ಕಾಲೇಜಿನಲ್ಲಿ ಹೆಸರಿನ ಬಿಲ್ಲೆಯನ್ನು ಎಡ ಎದೆಗೆ ಧರಿಸುವ ನಿಯಮ ಬಂತು. ಅದರ ಹಿಂಬದಿಯಲ್ಲಿ ಪಿನ್ನಿನ ಬದಲು ಅಯಸ್ಕಾಂತ. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಮಾತನ್ನು ಕೇಳುವುದನ್ನು ಬಿಟ್ಟು, ಒಂದೇ ಗೊತ್ತಾದ ವೇಗದಲ್ಲಿ ಮಿಡಿಯತೊಡಗುತ್ತದೆ. ತಪಾಸಣೆಗಾಗಿ ವೈದ್ಯರೇ ಹಾಗೆ ಮಾಡುವುದುಂಟು. ಬಿಲ್ಲೆ ಧರಿಸಿದ ಬೆಳಿಗ್ಗೆಯೆಲ್ಲ ‘ಎದೆ ಗಡಿಯಾರದಂತೆ ಹೊಡೆಯುತ್ತಿದೆ’ ಎಂದು ಬರೆದಿಟ್ಟಿದ್ದೇನೆ. ಬಿಲ್ಲೆ ಪಿನ್ನಿಗೆ ಬದಲಾಯಿತು, ಬಲಗಡೆಗೂ ಹೋಯಿತು. ಮೊಬೈಲ್ ಫೋನನ್ನು ಎಡಜೇಬಿನಲ್ಲಿಡದೆ ಡಬ್ಬಿಯಿಂದ ಒಂದು ಗೇಣಾದರೂ ದೂರವಿರಿಸುತ್ತೇನೆ. ಇನ್ನೊಂದು, ಓದುವಾಗ ನನಗರಿವಿಲ್ಲದೆ ಡಬ್ಬಿಯನ್ನು ಬೆರಳಿನಿಂದ ತಿರುವುವ ಚಾಳಿ ನನಗಿತ್ತು. ಹಾಗೆ ತಿರುವಿ ತಿರುವಿ ತಂತಿಯನ್ನು ಸುತ್ತಿಕೊಂಡು ಹೃದಯದಿಂದಲೇ ಕಿತ್ತುಕೊಂಡ ರೋಗಿಗಳಿದ್ದಾರೆ. ೧೯೬೮ರಷ್ಟು ಹಿಂದೆಯೇ ವೈದ್ಯರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. ಅದನ್ನು ಓದಿದ ದಿನವೇ ಚಾಳಿ ಬಿಟ್ಟೆ.

ಇಷ್ಟು ಹೇಳಿದ ಮೇಲೆ, ಸಹಿಸಬಾರದ್ದನ್ನೂ ಹೇಳಿಬಿಡಬೇಕು, ಏಕೆಂದರೆ ಕೇಳುತ್ತಿರುವವರಲ್ಲಿ ನನ್ನಂತೆಯೇ ಡಬ್ಬಿ ಹೊತ್ತವರು ಇರಬಹುದು. ಪಟ್ಟಿ ಒತ್ತಿದ ನೋವು ಪಟ್ಟಿ ತೆಗೆದರೆ ಹೋಗುತ್ತದೆ. ಆದರೆ ಡಬ್ಬಿಯ ಮೇಲಣ ಚರ್ಮ ಕೆಂಪಾದರೆ, ಬಿಸಿಯಾದರೆ, ಊದಿಕೊಂಡರೆ, ತೆಳುವಾಗಿ ಹೊಳೆಯತೊಡಗಿ ಡಬ್ಬಿಗೆ ಅಂಟಿಕೊಂಡಂತೆ ಕಂಡರೆ, ಹನಿಯಷ್ಟು ಕೀವೋ ನೀರೋ ಒಸರಿದರೆ, ಕಾರಣ ತಿಳಿಯದ ಜ್ವರ ಮತ್ತೆ ಮತ್ತೆ ಬಂದರೆ, ಆ ಕಡೆಯ ತೋಳು ಬಾತುಕೊಂಡರೆ, ತಲೆ ಸುತ್ತಿ ಬಿದ್ದರೆ, ಅರಿಸಿನ ಹಚ್ಚಿ ಕಾಯುತ್ತ ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಊದಿದ ಜಾಗಕ್ಕೆ ಸೂಜಿ ಹಾಕಿ ನೀರು ತೆಗೆಯುತ್ತೇನೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಸೋಂಕು ಒಳಹೊಗುವ ಸುಲಭದ ದಾರಿ ಆ ಸೂಜಿಯೇ. ಸೋಂಕು ತಂತಿಯ ಗುಂಟ ನೇರವಾಗಿ ಹೃದಯಕ್ಕೆ ಇಳಿಯಬಲ್ಲುದು.

ಕಳೆದ ತಪಾಸಣೆಯಲ್ಲಿ ಬ್ಯಾಟರಿಗೆ ಇನ್ನು ಸುಮಾರು ಎರಡು ವರ್ಷದ ಆಯುಸ್ಸಿದೆಯೆಂದು ತಿಳಿಯಿತು. ಆಮೇಲೆ ಹಳೆಯ ಜೇಬನ್ನೇ ಬಿಚ್ಚಿ, ತಂತಿಗಳು ಚೆನ್ನಾಗಿದ್ದರೆ ಅವನ್ನು ಹಾಗೆಯೇ ಉಳಿಸಿ, ಡಬ್ಬಿಯನ್ನು ಮಾತ್ರ ಬದಲಾಯಿಸುತ್ತಾರೆ. ಜೇಬನ್ನು ಸ್ವಲ್ಪ ಕೆಳಕ್ಕೆ, ಆಳಕ್ಕೆ ಮಾಡಲು ಸಾಧ್ಯವೇ ಎಂದು ಈ ಸಲ ನಾನೇ ಕೇಳಿದೆ. ನೋಡೋಣ, ಆಗಬಹುದು ಎಂದರು. ಇನ್ನೊಂದು ಮಾತನ್ನೂ ನಡೆಸಿಕೊಡಬೇಕೆಂದು ಕೇಳಿಕೊಂಡೆ: ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಾನು ಎಂದಿನಂತೆ ಸೀರೆಯುಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಅವರ ಮುಂದೆ ನೆಟ್ಟಗೆ ಕುಳಿತುಕೊಳ್ಳುತ್ತೇನೆ, ಪಟ್ಟಿಗಳು ಎಲ್ಲೆಲ್ಲಿ ಹಾಯುತ್ತವೆಂಬುದನ್ನು ನೋಡಿ ಪೆನ್ನಿನಿಂದ ಚರ್ಮದ ಮೇಲೆ ಗುರುತು ಮಾಡಿಕೊಳ್ಳಬೇಕು. ವೈದ್ಯರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನನ್ನ ಕಡತವನ್ನು ತೆಗೆದು, ಮೊದಲ ಪುಟದ ಅಂಚಿನಲ್ಲಿ ಅದನ್ನು ಬರೆದುಕೊಂಡರು.